ಎರಡನೇ ಶನಿವಾರದ ಅಪ್ಪ

ಮಾನ್ಯ ಮಕ್ಕಳ ಭೇಟಿ ಕೇಂದ್ರದ ಅಧಿಕಾರಿಗಳೇ,

ನಿಮ್ಮ ಕೇಂದ್ರಕ್ಕೆ ಎರಡನೇ ಶನಿವಾರ ರಜೆ ಎಂಬ ಒಂದೇ ಒಂದು ಸಾಲನ್ನು ಬರೆದು, ಸಹಿ ಹಾಕಿ, ಮುದ್ರೆ ಒತ್ತಿ ಕೊಡಿ ಎಂದು ಐದು ತಿಂಗಳಿಂದ ಕೇಳುತ್ತಿದ್ದೇನೆ. ಆ ಸಾಲು ಸಿಗದ ಕಾರಣಕ್ಕೆ ಐದು ತಿಂಗಳಿಂದ ನಾನು ನನ್ನ ಮಗಳೊಡನೆ ಮಾತನಾಡಿಲ್ಲ.

ನಮ್ಮ ವಿಚ್ಛೇದನದ ದಾವೆ ನಡೆಯುತ್ತಿದೆ. ಏಳು ವರ್ಷದ ಧನ್ವಿ ತಾಯಿ ಅಕ್ಷಿತಾಳ ಜೊತೆಗಿದ್ದಾಳೆ. ತಿಂಗಳಿಗೊಮ್ಮೆ, ಎರಡನೇ ಶನಿವಾರ ಮೂರರಿಂದ ಐದರವರೆಗೆ, ಕದ್ರಿಯಲ್ಲಿರುವ ನಿಮ್ಮ ಕೇಂದ್ರದೊಳಗೆ ಮಾತ್ರ ನಾನು ಅವಳನ್ನು ಕಾಣಬಹುದೆಂದು ಮಧ್ಯಂತರ ಆದೇಶವಾಗಿದೆ. ಆ 'ಮಾತ್ರ'ಕ್ಕೆ ನಾನೇ ಕಾರಣ. ಒಮ್ಮೆ ಯಾರಿಗೂ ಹೇಳದೆ ಅವಳನ್ನು ಶಾಲೆಯಿಂದ ಕರೆದೊಯ್ದು ಗಡ್‌ಬಡ್ ಐಸ್‌ಕ್ರೀಮ್ ತಿನ್ನಿಸಿದ್ದೆ. ತಾಯಿ ಎರಡು ಗಂಟೆ ಅಳುತ್ತ ಹುಡುಕಿದ್ದಳು. ತಪ್ಪು ನನ್ನದೇ, ಒಪ್ಪುತ್ತೇನೆ. ಎರಡನೇ ಶನಿವಾರ ಆಗಬಹುದೆಂದು ಹೇಳಿದವನೂ ನಾನೇ. ನಾವಿಬ್ಬರೂ ಬ್ಯಾಂಕಿನವರು, ಆ ದಿನ ಇಬ್ಬರಿಗೂ ರಜೆ. ಬ್ಯಾಂಕಿಗೆ ರಜೆಯಿದ್ದರೆ ನಿಮಗೂ ರಜೆ ಎಂಬುದು ನನಗೆ ಹೊಳೆಯಲಿಲ್ಲ. ಅಷ್ಟು ಕರಿ ಕೋಟುಗಳಿದ್ದ ಕೋಣೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ನೋಡಿ!

ಮೊದಲ ಭೇಟಿಯ ಶನಿವಾರ ಹೋದರೆ ಗೇಟಿಗೆ ಬೀಗ. ನನ್ನ ವಕೀಲರಾದ ಒಸ್ವಾಲ್ಡ್ ಅವರಿಗೆ ಫೋನ್ ಮಾಡಿದೆ. "ನೀವು ಅಲ್ಲೇ ನಿಲ್ಲಿ ಮಾರಾಯ್ರೆ. ಹೋದ್ರೆ ತಂದೆಗೆ ಇಂಟರೆಸ್ಟ್ ಇಲ್ಲ ಅಂತ ಬರೀತಾರೆ. ಗೇಟಿನ ಎದುರು ಒಂದು ಫೋಟೊ ತೆಗೀರಿ. ಮಗು ಹತ್ರ ಮಾತ್ರ ಹೋಗ್ಬೇಡಿ, ಅದು ಆರ್ಡರಿನ ಉಲ್ಲಂಘನೆ ಆಗ್ತದೆ" ಎಂದರು. ರಸ್ತೆಯ ಆಚೆ ಬದಿಯಲ್ಲಿ ಅಕ್ಷಿತಾಳೂ ಮಗುವಿನ ಕೈ ಹಿಡಿದು ಫೋನಿನಲ್ಲಿದ್ದಳು. ಅವಳ ವಕೀಲರೂ ಅದನ್ನೇ ಹೇಳಿದ್ದಿರಬೇಕು, ಏಕೆಂದರೆ ಅವಳೂ ಐದು ಗಂಟೆಯವರೆಗೆ ಕದಲಲಿಲ್ಲ. ಅವಳೂ ಗೇಟಿನ ಫೋಟೊ ತೆಗೆದಳು. ನಡುವೆ ಇದ್ದದ್ದು ಇಪ್ಪತ್ತು ಅಡಿ ರಸ್ತೆ.

"ಪಪ್ಪಾ, ಬಾಗ್ಲು ತೆಗೀಲಿಕ್ಕೆ ಹೇಳಿ!" ಎಂದು ಧನ್ವಿ ಕೂಗಿದಳು. ಹೆತ್ತ ಮಗಳು ಕರೆದರೆ ಓಗೊಡುವುದು ಕಾನೂನುಬಾಹಿರವೋ ಅಲ್ಲವೋ ಎಂದು ಯೋಚಿಸುತ್ತ ನಿಂತಿದ್ದೆನಲ್ಲ, ಆ ನಾಚಿಕೆ ಇನ್ನೂ ಹೋಗಿಲ್ಲ.

ಸೋಮವಾರ ನಿಮ್ಮಲ್ಲಿಗೆ ಬಂದೆ. ಕೇಂದ್ರ ಎರಡನೇ ಶನಿವಾರ ಮುಚ್ಚಿರುತ್ತದೆ ಎಂದು ನೀವೇ ಬರೆದುಕೊಟ್ಟರೆ ವಕೀಲರು ದಿನ ಬದಲಿಸಲು ಅರ್ಜಿ ಹಾಕುತ್ತಾರೆ. ಇಲ್ಲದಿದ್ದರೆ ನೋಟಿಸು, ಆಕ್ಷೇಪಣೆ, ವಾಯಿದೆ ಎಂದು ವರ್ಷವೇ ಕಳೆಯುತ್ತದೆ. ಇಷ್ಟನ್ನು ವಿವರಿಸಿದೆ. ನೀವು ಚಹಾ ಕುಡಿಯುತ್ತ ಏನೆಂದಿರಿ, ನೆನಪಿದೆಯೇ?

"ರಜೆ ಅಂತ ಬೋರ್ಡಿನಲ್ಲಿ ಉಂಟಲ್ಲ. ಮತ್ತೆ ಎಂತ ಬರೆದು ಕೊಡೂದು?"

"ಬೋರ್ಡಿನ ಫೋಟೊ ಸಾಕಾಗುದಿಲ್ಲ ಸರ್."

"ಬರೆದು ಕೊಡ್ಲಿಕ್ಕೆ ನನಗೆ ಮೇಲಿನಿಂದ ಆರ್ಡರ್ ಬೇಕು."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತನ್ನು ಕೇಳಿದ್ದೆ. ಪೂಜಾರಿಗೆ ವರದ ದಿನವೇ ರಜೆ ಇರುತ್ತದೆಂದು ತಿಳಿದದ್ದು ನಿಮ್ಮಿಂದ. ಅದೇ ಮೇಜಿನೆದುರು ನಾಲ್ಕು ಸಲ ನಿಂತೆ. ಮುಚ್ಚಿದ ಬಾಗಿಲನ್ನು ಮುಚ್ಚಿದೆ ಎಂದು ಬರೆಯಲು ಯಾವ ಮೇಲಿನವರ ಅಪ್ಪಣೆ ಬೇಕು, ಮಾನ್ಯರೇ? ಹೋಗದಿದ್ದರೆ ನಾನು ಬೇಜವಾಬ್ದಾರಿ ತಂದೆ, ಹತ್ತಿರ ಹೋದರೆ ಅಪರಾಧಿ. ಉಳಿದಿರುವುದು ನಿಮ್ಮ ಗೇಟಿನ ಎದುರು ನಿಲ್ಲುವುದೊಂದೇ.

ಮೊನ್ನೆಯ ಶನಿವಾರ, ಐದನೆಯದು, ಧನ್ವಿ ಕಾರಿನಿಂದ ಇಳಿಯಲೇ ಇಲ್ಲ. ಅಕ್ಷಿತಾ ಬಾಗಿಲು ತೆರೆದು ಕರೆದಳು, ಕೊನೆಗೆ ನನ್ನತ್ತ ನೋಡಿ ಕೈಚೆಲ್ಲಿದಳು. ಮಗು ತಲೆ ಎತ್ತಲಿಲ್ಲ. ವಿಷಯ ತಿಳಿಸಿದಾಗ ಒಸ್ವಾಲ್ಡ್, "ಇದು ಒಳ್ಳೆದಾಗ್ಲಿಲ್ಲ. ಮಗುವಿಗೇ ತಂದೆ ಬೇಡ ಅಂತ ಆ ಕಡೆಯ ವಕೀಲರು ಬರೀಬಹುದು. ಅದು ಒಮ್ಮೆ ಫೈಲಿಗೆ ಹೋದ್ರೆ ತೆಗೀಲಿಕ್ಕೆ ಕಷ್ಟ" ಎಂದರು.

ಆದ್ದರಿಂದ ಮುಂದಿನ ಎರಡನೇ ಶನಿವಾರದ ಒಳಗೆ ಆ ಸಾಲನ್ನು ಬರೆದುಕೊಡಿ, ಇಲ್ಲವೇ ಎರಡು ಗಂಟೆ ಬಾಗಿಲು ತೆರೆಯಿರಿ. ನನ್ನ ಮಗಳಿಗೆ ನಾನು ಬೇಡವಾಗುವುದಾದರೆ ನನ್ನ ತಪ್ಪುಗಳಿಗಾಗಿ ಬೇಡವಾಗಲಿ, ಅವು ಬೇಕಾದಷ್ಟಿವೆ. ನಿಮ್ಮ ರಜೆಗಾಗಿ ಬೇಡವಾಗುವುದು ಮಾತ್ರ ಬೇಡ.

ಇಂತಿ,
ಆದೇಶವನ್ನು ಅಕ್ಷರ ತಪ್ಪದೆ ಪಾಲಿಸುತ್ತಿರುವ
ಚಿತ್ತರಂಜನ, ದೇರೆಬೈಲ್