ಗೊಟ್ಟ ಕಸಿದುಕೊಂಡ ಸೊಸೆಗೆ

ಚಿಮ್ಮಡ

ಮನೆ ತುಂಬಿದ ಸೊಸೆ ಭಾಗ್ಯಾಳಿಗೆ, ನಿನ್ನ ಅತ್ತೆ ಮಾಯವ್ವನ ಆಶೀರ್ವಾದ.

ಪಂಚಮಿಗೆಂದು ರಬಕವಿಗೆ ಹೋದವಳು ತವರಿನ ಉಂಡಿ ತಿನ್ನುತ್ತ ಆರಾಮವಾಗಿದ್ದೀಯೆಂದು ನಂಬಿದ್ದೇನೆ. ಬಸ್ ಹತ್ತುವಾಗ, "ಮಾವಾರು ಇನ್ನೂ ಸಿಟ್ಟಿನ್ಯಾಗ ಅದಾರೇನ್ರಿ ಅತ್ತೀ?" ಎಂದು ಕೇಳಿದೆ. ಸುತ್ತ ಜನರಿದ್ದರು, ನಿನ್ನ ಚೀಲ ಒಳಗಿಟ್ಟು ಕಳಿಸಿಬಿಟ್ಟೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಈ ಕಾಗದ.

ಆ ದಿನ ನಮ್ಮ ಮುಧೋಳ ನಾಯಿ ಬಿಳ್ಯಾ ಹೊಟ್ಟೆ ಬಿರಿಯೆ ನುಚ್ಚು ತಿಂದು, ಮೊಲದ ಬೆನ್ನು ಹತ್ತಿ ಓಡಿ ಬಂದಿದ್ದ. ಕೂರಲಾರ, ಮಲಗಲಾರ. ಓಕರಿಸಿದರೆ ಬರೀ ನೊರೆ. ಹೊಟ್ಟೆ ಡೊಳ್ಳಿನಂತೆ ಬಿಗಿದಿತ್ತು. ನಿನ್ನ ಮಾವ ಕುರಿಗಳಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟಕ್ಕೆ ಎಣ್ಣೆ ತುಂಬಿಕೊಂಡು ಬಂದರು. ಉಬ್ಬರದಿಂದ ಎಷ್ಟೋ ಕುರಿಗಳನ್ನು ಉಳಿಸಿದ ಕೈ ಅದು. ಬೇಡವೆನ್ನುವ ಧೈರ್ಯ ಯಾರಿಗಿದೆ?

ನಿನಗಿತ್ತು. ಓಣಿಯ ಹೊಳೆಪ್ಪ, ಮುತ್ತಣ್ಣ ಎಲ್ಲರೂ ನೋಡುತ್ತಿರುವಾಗಲೇ ಗೊಟ್ಟ ಕಸಿದುಕೊಂಡೆ. "ಒಳಗಿಂದು ಹೊರಗ ಬರವಲ್ದು, ಹೊರಗಿಂದು ಒಳಗ ಹೆಂಗ ಹೋಗತೈತ್ರಿ ಮಾವಾರ? ಎಣ್ಣಿ ಉಸಿರಿಗೆ ಸಿಕ್ಕು ಸತ್ತಾನು. ಇದು ಕುರಿ ಅಲ್ರಿ!" ಅಂದೆ. ಮಾವನೆದುರು ಸೊಸೆ ದನಿ ಎತ್ತುವುದೆಂದರೇನು! ನನ್ನ ಎದೆ ಧಸಕ್ಕೆಂದಿತು. ಸುಳ್ಳೇಕೆ ಹೇಳಲಿ, ಒಳಗೊಳಗೇ ಹಿಗ್ಗಿಯೂ ಹಿಗ್ಗಿತು.

ಶಶಿಕಾಂತ ಸಮೀರವಾಡಿಯಲ್ಲಿ ಡ್ಯೂಟಿಯ ಮೇಲಿದ್ದ. ಗಂಡನ ದಾರಿ ಕಾಯದೆ ಆಟೊ ಕರೆಸಿ, ಬಿಳ್ಯಾನನ್ನು ತೊಡೆಯ ಮೇಲೆ ಹಾಕಿಕೊಂಡು ಹೊರಟುಬಿಟ್ಟೆ. ಮುಧೋಳದ ಡಾಕ್ಟರು ಮೊದಲು ಗಾಳಿ ತೆಗೆದು, ಆಮೇಲೆ ಆಪರೇಶನ್ ಮಾಡಿದರಂತೆ. "ಹೊಟ್ಟಿ ಒಳಗ ತಿರುಗಿ ಗಂಟಾಗಿತ್ತು. ಇನ್ನೊಂದೀಟ ತಡಾ ಆಗಿದ್ರ ಜೀವ ಉಳೀತಿರಲಿಲ್ಲ" ಎಂದು ಅವರು ಹೇಳಿದ್ದನ್ನು ನಾನು ಓಣಿಗೆಲ್ಲ ಸಾರಿದ್ದೇನೆ. ಕೇಳದವರಿಗೂ ಹೇಳಿದ್ದೇನೆ.

ಈಗ ನಿನ್ನ ಮಾವನ ಸುದ್ದಿ. ಮೊನ್ನೆ ನಾನು ಬಿಳ್ಯಾನ ಮುಂದೆ ತುಸು ಹೆಚ್ಚು ನುಚ್ಚು ಸುರಿದದ್ದಕ್ಕೆ, "ಒಮ್ಮೆಲೆ ಹಾಕಬ್ಯಾಡಂತ ಸೊಸಿ ಹೇಳಿಲ್ಲೇನ?" ಎಂದು ನನ್ನನ್ನೇ ಗದರಿದರು. ನಿನ್ನೆ ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಯಾರೋ, "ನಿನ್ನ ಸೊಸಿ ಬಾಳ ಗಟ್ಟಿ ಬಾಯಿ ಬಿಡೋ" ಎಂದು ಕೆಣಕಿದರಂತೆ. "ಹೌದೋ. ನಮ್ಮ ಮನ್ಯಾಗ ನನಗ ಬ್ಯಾಡ ಅನ್ನಾಕ ಇಷ್ಟ ವರ್ಷ ಒಬ್ಬರೂ ಇರಲಿಲ್ಲ, ಈಗ ಬಂದಾಳ" ಎಂದರಂತೆ.

ಆ ಮಾತು ಕೇಳಿ ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಬ್ಯಾಡ ಅನ್ನುವ ಆ ಒಂದು ಮಾತು ಆಡಲು ನನಗೆ ಜೀವಮಾನ ಸಾಲಲಿಲ್ಲವಲ್ಲ ಮಗಳೇ.

ಹಬ್ಬ ಮುಗಿಸಿಕೊಂಡು ತಲೆ ಎತ್ತಿ ಬಾ. ಬೀರಪ್ಪ ನಿನಗೊಂದು ಹೆಣ್ಣುಕೂಸು ಕೊಡಲಿ, ಅದು ನನ್ನನ್ನು ಹೋಲದಿರಲಿ.

ನಿನ್ನನ್ನು ನೆನೆದು ಬೀಗುವ,
ಅತ್ತೆ ಮಾಯವ್ವ