ವಾಂತಿಗೆ ಹಂಚಿದ ಪೇಡೆ

ಚಿಗಟೇರಿ, ಮಂಗಳವಾರ

ಗುರುಬಸವರಾಜ ಅವರಿಗೆ,

ತೂಕ ಇಳಿಯಲೆಂದು ನನಗೆ ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಮಾಡಿಸಿದವರು ನೀವು. "ಅವ್ವಗ ಹೇಳಬ್ಯಾಡ" ಎಂದವರೂ ನೀವೇ.

ಮೊನ್ನೆ ಅತ್ತೆ ಒತ್ತಾಯ ಮಾಡಿ ಎರಡನೇ ಹೋಳಿಗೆ ತಿನ್ನಿಸಿದರು. ನಾಲ್ಕು ತುತ್ತಿಗೇ ತುಂಬುವ ಹೊಟ್ಟೆ. ಎದೆ ಹಿಂಡಿ ಎಲ್ಲ ವಾಂತಿಯಾಯಿತು. "ಶೃತಿ ಬಸುರಿ ಅದಾಳ್ರಿ!" ಎಂದು ಅವರು ನಿಮ್ಮೂರು ತೆಲಿಗಿಯ ಓಣಿಗೆಲ್ಲ ಪೇಡೆ ಹಂಚಿದರು. ನಿಜ ಗೊತ್ತಿದ್ದ ನೀವು ಪೇಡೆ ತಿನ್ನುವುದಕ್ಕಷ್ಟೇ ಬಾಯಿ ತೆರೆದಿರಿ. ಎಂಥ ಗಂಡಸು!

ನಾಚಿಕೆಯಾಗಿ ತವರಿಗೆ ಬಂದೆ. ಇವತ್ತು ಅತ್ತೆಗೆ ಫೋನ್ ಮಾಡಿ ನಾನೇ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಅತ್ತು, "ಈಗ ಏನ್ ಉಂಡೀಯವ್ವ?" ಎಂದು ಕೇಳಿದರು. ಆಪರೇಷನ್ ಆದ ಈ ಮೂರು ತಿಂಗಳಲ್ಲಿ ನೀವು ಒಮ್ಮೆಯೂ ಕೇಳದ ಮಾತು.

ನಾನು ಮರೆತು ಬಂದ ಮಾತ್ರೆಗಳನ್ನು ನಾಳೆ ಅವರೇ ತರುತ್ತಾರಂತೆ. ನೀವು ಬರಬೇಕಾಗಿಲ್ಲ.

ಶೃತಿ