ಗುರುವಾರ ಮಾರಾಟಕ್ಕಿಲ್ಲ

ಲಾಂಡ್ರಿ, ಇಸ್ತ್ರಿ ಮೇಜಿನ ಎಡತುದಿ
ಮಾರ್ಚ್ ೩, ಸೋಮವಾರ, ಹಂಡೆ ಕಾಯುವ ಹೊತ್ತು

ಪ್ರೀತಿಯ ಅಣ್ಣಾ,

ಮೊದಲು ಆರೋಗ್ಯದ ವಿಚಾರ. ಕೆಮ್ಮು ಹೋಯಿತೇ? ಕಳೆದ ಸಲ ಕಳಿಸಿದ ಉಣ್ಣೆ ಬನಿಯನ್ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ಅದನ್ನೂ ನಿನ್ನ ಯೋಗ್ಯತೆಗೆ ಮೀರಿದ್ದು ಎಂದು ಮಡಿಸಿ ಇಟ್ಟಿದ್ದೀಯೋ? ನಾವೆಲ್ಲ ದೇವರ ಕೃಪೆಯಿಂದ ಗಟ್ಟಿಯಾಗಿದ್ದೇವೆ. ಅಪ್ಪನ ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಗೊಣಗುತ್ತದೆ. ಅಮ್ಮನ ಹಟದ ಆರೋಗ್ಯವಂತೂ ಕೇಳಲೇಬೇಡ, ಅದು ನಮ್ಮೆಲ್ಲರನ್ನೂ ಮಣ್ಣು ಮಾಡಿ ಆಮೇಲೂ ನೆಟ್ಟಗೆ ನಿಂತಿರುತ್ತದೆ. ನಿನಗಿಂತ ಮೊದಲು ಈ ಪತ್ರ ಒಡೆದು ಓದುವ ಜೈಲಿನ ಅಧಿಕಾರಿಗಳಿಗೂ ನನ್ನ ವಿನಯಪೂರ್ವಕ ವಂದನೆಗಳು. ಸಾರ್, ಇದರೊಳಗೆ ಗರಗಸವಿಲ್ಲ, ಗುಪ್ತ ಸಂದೇಶವಿಲ್ಲ. ಸ್ವಲ್ಪ ಬೈಗುಳ ಇದೆ, ಅದು ನಿಮಗಲ್ಲ.

ಅಣ್ಣಾ, ನಿನ್ನ ಪತ್ರ ಶನಿವಾರ ಕೈಸೇರಿತು. ಅದನ್ನು ಕುಟುಂಬದ ಮಹಾಸಭೆಯ ಮುಂದೆ ಮಂಡಿಸಲಾಯಿತು. ಹಾಜರಿದ್ದವರು ಅಪ್ಪ, ಅಮ್ಮ, ನಾನು ಮತ್ತು ದೊಡ್ಡ ಇಸ್ತ್ರಿಪೆಟ್ಟಿಗೆ. ನಿನ್ನ ಆಜ್ಞೆಗಳನ್ನು ನಾನೇ ಎದ್ದು ನಿಂತು, ಚರ್ಚಿನಲ್ಲಿ ವಾಕ್ಯ ಓದುವ ದನಿಯಲ್ಲಿ ಓದಿದೆ: ಹೋಟೆಲಿನವರ ಕಾಲು ಹಿಡಿದಾದರೂ ಸರಿ, ಗುರುವಾರವನ್ನು ಅವರಿಗೆ ಕೊಟ್ಟುಬಿಡಿ, ಆಸ್ಪತ್ರೆಯ ವಾರ್ಡಿನ ಬಟ್ಟೆಯನ್ನು ಪುಕ್ಕಟೆ ಒಗೆಯುವ ಹುಚ್ಚು ನಿಲ್ಲಿಸಿ, ಬಿಡುಗಡೆಯ ದಿನ ಜೈಲಿನ ಗೇಟಿಗೆ ಯಾರೂ ಬರಬೇಡಿ, ನಾನು ಎಲ್ಲಾದರೂ ದೂರ ಹೋಗಿ ಬದುಕಿಕೊಳ್ಳುತ್ತೇನೆ, ಆ ಗಡಿಯಾರದವರ ಸುದ್ದಿ ಮಾತ್ರ ನನಗೆ ಬರೆಯಬೇಡಿ. ಚರ್ಚೆಯ ನಂತರ ಎಲ್ಲವೂ ಸರ್ವಾನುಮತದಿಂದ ತಿರಸ್ಕೃತವಾದವು. ಇಸ್ತ್ರಿಪೆಟ್ಟಿಗೆ ತಟಸ್ಥವಾಗಿತ್ತು.

ಹೋಟೆಲಿನ ಕೆಲಸ ಕೈತಪ್ಪಿದೆ ಎಂದು ಅಮ್ಮ ಬರೆದಳಲ್ಲ, ಗುರುವಾರದ ವಿಷಯಕ್ಕೆ ಎಂದಷ್ಟೇ ಬರೆದಳು, ಅದು ಹೇಗೆ ಶುರುವಾಯಿತೆಂದು ಬರೆಯಲಿಲ್ಲ. ಅವಳಿಗೆ ನಾಚಿಕೆ. ನನಗೆ ಆ ರೋಗವಿಲ್ಲ, ಆದ್ದರಿಂದ ಕೇಳು. ನಮ್ಮ ಒಗೆಯುವ ಕೋಣೆಯಲ್ಲಿ ಗಡಿಯಾರಕ್ಕೆ ಎಂದೂ ಕೆಲಸವಿರಲಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ಬಿಳಿ ಹೊದಿಕೆ ಹಂಡೆಯಲ್ಲಿ ಕುದಿಯಬೇಕಾದದ್ದು ಅಮ್ಮನ ಸ್ತೋತ್ರದ ಹಾಡಿನ ಏಳು ಚರಣ. ದಿಂಬಿನ ಚೀಲಕ್ಕೆ ಐದು. ಬಣ್ಣದ ಅಂಚಿನದಕ್ಕೆ ಎರಡೇ ಎರಡು, ಎರಡನೆಯದು ಮುಗಿಯುತ್ತಿದ್ದಂತೆ ಕೋಲು ಹಾಕಿ ಮೇಲೆತ್ತಬೇಕು. ಆವತ್ತು ಹೋಟೆಲಿನ ನೀಲಿ ಅಂಚಿನ ಮೇಜುಬಟ್ಟೆಗಳು ಹಂಡೆಗೆ ಬಿದ್ದಿದ್ದವು. ಅಮ್ಮ ಮೊದಲ ಚರಣದ ಕೊನೆಯಲ್ಲಿದ್ದಳು. ಅಷ್ಟರಲ್ಲಿ ಅಂಚೆಯವರು ಬಂದು ಒಂದು ಲಕೋಟೆ ಕೊಟ್ಟರು. ಅಪ್ಪ ಕನ್ನಡಕ ಹುಡುಕಿ, ಅದು ತಲೆಯ ಮೇಲೇ ಇದ್ದದ್ದನ್ನು ನಾನು ತೋರಿಸಿ, ಕೊನೆಗೆ ಓದಿದರು: ಹದಿಮೂರನೇ ತಾರೀಖು, ಗುರುವಾರ, ನಿನ್ನ ಬಿಡುಗಡೆ. ಅಮ್ಮ ಕೋಲನ್ನು ಕೈಯಲ್ಲಿ ಹಿಡಿದುಕೊಂಡೇ ಹಾಡನ್ನು ಮೊದಲಿನಿಂದ ಶುರು ಮಾಡಿದಳು. ಏಳೂ ಚರಣ ಮುಗಿಸಿದಳು. ಮತ್ತೆ ಶುರು ಮಾಡಿದಳು. ಅಪ್ಪ ಕೆಳದನಿಯಲ್ಲಿ ಸೇರಿಕೊಂಡರು. ನಾನೂ ಸೇರಿಕೊಂಡೆ, ಹಾಡುವಾಗ ಎಂದಿನಂತೆ ಪದ ತಿರುಚಲಿಲ್ಲ, ಅದೊಂದನ್ನು ಬರೆದಿಟ್ಟುಕೋ. ನಾಲ್ಕು ಸಲ ಹಾಡಿ, ಕಣ್ಣು ಒರೆಸಿಕೊಂಡು, ಹಂಡೆಯ ಮುಚ್ಚಳ ತೆಗೆದರೆ ನೀಲಿ ಅಂಚು ಎಲ್ಲಿದೆ? ಎಲ್ಲ ಬಟ್ಟೆಯೂ ಒಂದೇ ಬಣ್ಣ, ಮೋಡ ಕವಿದ ಬೆಳಗಿನ ಆಕಾಶದ ಹಾಗೆ.

ಹೋಟೆಲಿನ ಮ್ಯಾನೇಜರು ಖುದ್ದಾಗಿ ಬಂದರು. ಬೈದರು, ಅದು ನ್ಯಾಯವೇ. ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡು, ಹೊಸ ಬಟ್ಟೆ ನಾವೇ ತಂದುಕೊಡುತ್ತೇವೆ ಎಂದರು, ತಂದೂ ಕೊಟ್ಟರು, ಅಂಚು ಹೊಲಿದವಳು ಅಮ್ಮ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಮನುಷ್ಯನಿಗೆ ಬಹಳ ದಿನಗಳಿಂದ ನಮ್ಮ ಗುರುವಾರದ ಮೇಲೆ ಕಣ್ಣು. ಇದೇ ಸಮಯ ನೋಡಿ ಹೇಳಿದರು: "ಇದನ್ನ ನಾನು ಮರೆತುಬಿಡ್ತೀನಿ ಯಜಮಾನರೇ. ಆ ಆಸ್ಪತ್ರೆ ಗಂಟು ಬಿಟ್ಟು ಗುರುವಾರಾನೂ ನಮಗೇ ಒಗೀರಿ. ಇಲ್ಲಾಂದ್ರೆ ವಾರಪೂರ್ತಿ ಬೇರೆಯವರನ್ನ ನೋಡ್ಕೋತೀನಿ." ಅಪ್ಪ ಯೋಚಿಸಲೂ ಇಲ್ಲ ಅಣ್ಣಾ. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅವರಿಗೆ ಬಾಗಿಲು ತೆರೆದು ಹಿಡಿದರು. "ಮಿಕ್ಕ ದಿನ ನಮ್ಮದು ಸಾರ್, ನಿಮಗೆ ಕೊಡಬಹುದಿತ್ತು. ಗುರುವಾರ ನಮ್ಮದಲ್ಲ" ಎಂದರು. ಈಗ ನಾಲ್ಕು ಹಂಡೆಗಳಲ್ಲಿ ಎರಡು ತಣ್ಣಗೆ ಕೂತಿವೆ. ಲಾಂಡ್ರಿ ಉಳಿಯುತ್ತದೆಯೇ ಎಂದು ಕೇಳಿದ್ದೀಯ. ಗೊತ್ತಿಲ್ಲ. ಗೊತ್ತಿಲ್ಲದೆಯೂ ಚೆನ್ನಾಗಿಯೇ ನಿದ್ದೆ ಬರುತ್ತಿದೆ, ಅಪ್ಪನ ಗೊರಕೆ ಅದಕ್ಕೆ ಸಾಕ್ಷಿ.

ಇಲ್ಲಿ ಒಂದು ತಪ್ಪೊಪ್ಪಿಗೆ. ಆ ಕೊನೆಯ ಗಂಟಿನಲ್ಲಿ ಮ್ಯಾನೇಜರ ಸ್ವಂತ ಬಿಳಿ ಅಂಗಿಯೊಂದಿತ್ತು. ಅದರ ಕಾಲರಿಗೆ ಗಂಜಿ ಹಾಕುವ ಪವಿತ್ರ ಕರ್ತವ್ಯ ನನ್ನ ಪಾಲಿಗೆ ಬಂತು. ನಾನು ಅದನ್ನು ಪೂರ್ಣ ಹೃದಯದಿಂದ, ಪೂರ್ಣ ಬಲದಿಂದ, ಆರು ಸಲ ನೆರವೇರಿಸಿದೆ. ಒಣಗಿದ ಮೇಲೆ ಬೆರಳಿನಲ್ಲಿ ತಟ್ಟಿದರೆ ಹಲಗೆಯ ಸದ್ದು. ಅವರು ಅದನ್ನು ತೊಟ್ಟ ದಿನ ಹೋಟೆಲಿನಲ್ಲಿ ಯಾವುದೋ ದೊಡ್ಡ ಸಮಾರಂಭವಂತೆ. ಅವರು ಬಾಗಿಲಲ್ಲಿ ನಿಂತು ಅತಿಥಿಗಳನ್ನು ಬರಮಾಡಿಕೊಳ್ಳಬೇಕು, ಕತ್ತು ತಿರುಗುವುದಿಲ್ಲ. ಎಡಕ್ಕೆ ನಮಸ್ಕಾರ ಹೇಳಬೇಕಾದರೆ ಇಡೀ ಮನುಷ್ಯ ಕಪಾಟಿನ ಹಾಗೆ ತಿರುಗಬೇಕು. ಅಡುಗೆಮನೆಯವರು ಇವತ್ತಿಗೂ ನಗುತ್ತಿದ್ದಾರಂತೆ. ಅಪ್ಪನಿಗೆ ಮಾತ್ರ ಗಂಜಿಯ ಡಬ್ಬಿ ಖಾಲಿಯಾದದ್ದು ಕಂಡಿತು. ನಗು ಬಂದರೂ ನುಂಗಿಕೊಂಡು, "ಹೋಗು, ಕ್ಷಮೆ ಕೇಳಿ ಬಾ" ಎಂದರು. ಹೋದೆ. ಕೇಳಿದೆ, ನಿಜವಾಗಿಯೇ ಕೇಳಿದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಗುರುವಾರ ಕೊಡೋಕೆ ಹೇಳು ನಿಮ್ಮಪ್ಪನಿಗೆ, ಕ್ಷಮಿಸ್ತೀನಿ. ಜೈಲಲ್ಲಿರೋ ಮಗನಿಗೋಸ್ಕರ ಎಷ್ಟು ದಿನ ಅಂತ ಪ್ರಾಯಶ್ಚಿತ್ತ ಮಾಡ್ತೀರ?" ಎಂದರು. ನಾನು ಎದ್ದು ನಿಂತು, "ಸಾರ್, ನಾನು ಕ್ಷಮೆ ಕೇಳೋಕೆ ಬಂದೆ. ಗುರುವಾರ ಮಾರೋಕೆ ಬಂದಿಲ್ಲ" ಎಂದೆ. 

ಈ ಪ್ರಾಯಶ್ಚಿತ್ತ ಎಂಬ ಮಾತು ಅವರೊಬ್ಬರದೇ ಅಲ್ಲ. ಚರ್ಚಿನಲ್ಲಿ ಮುಂದಿನ ಬೆಂಚಿನ ಅತ್ತೆಯೂ, ಗೊತ್ತಲ್ಲ, ಪ್ರಾರ್ಥನೆಯಲ್ಲಿ ಒಂದು ಕಣ್ಣು ತೆರೆದಿರುವವರು, ಅಮ್ಮನ ಭುಜ ಸವರಿ, "ಪಾಪ, ಮಗನ ತಪ್ಪನ್ನ ಒಗೆದೂ ಒಗೆದೂ ಕೈಯೆಲ್ಲ ಸವೆದುಹೋಯ್ತಲ್ಲಮ್ಮ" ಎಂದರು. ಈಗ ನೀನೂ ಅದನ್ನೇ ಬರೆದಿದ್ದೀಯ, 'ನನ್ನ ಪಾಪವನ್ನು ನೀವು ಒಗೆಯಬೇಡಿ' ಎಂದು. ಅಪ್ಪ ಅದನ್ನು ಕೇಳಿ ಮೇಜು ಗುದ್ದಿದರು. ಅಪ್ಪ ಮೇಜು ಗುದ್ದಿದ್ದನ್ನು ನೀನು ನೋಡಿದ್ದೀಯಾ? ನಾನೂ ನೋಡಿರಲಿಲ್ಲ. "ಪ್ರಾಯಶ್ಚಿತ್ತ ಅವತ್ತೇ ಆಗಿಹೋಯ್ತು, ಶಿಲುಬೆ ಮೇಲೆ. ಅದರಲ್ಲಿ ನಾನು ಸೋಪು ಹಾಕೋದು ಏನೂ ಉಳಿದಿಲ್ಲ. ನಾವು ಒಗೀತಿರೋದು ಸಂತೋಷಕ್ಕೆ ಅಂತ ಬರಿ ಅವನಿಗೆ" ಎಂದರು. ಬರೆದಿದ್ದೇನೆ. ಅಡಿಗೆರೆ ಎಳೆಯಲು ಹೇಳಿದರು, ಎಳೆದಿದ್ದೇನೆ, ಕಾಗದ ಹರಿಯುವಷ್ಟು.

ಗಡಿಯಾರದವರ ಸುದ್ದಿ ಎತ್ತಬೇಡ ಎಂದಿದ್ದೀಯ. ಈಗ ಎತ್ತುತ್ತೇನೆ. ತಡೆಯಲು ನೀನು ಇಲ್ಲಿಲ್ಲ, ಅದು ನಿನ್ನದೇ ತಪ್ಪು. ಮೂರು ವರ್ಷದ ಹಿಂದೆ ನೀನು ಕುಡಿದು ವ್ಯಾನು ಓಡಿಸಿದೆ. ಅವರು ತಮ್ಮ ಗಡಿಯಾರ ರಿಪೇರಿಯ ಅಂಗಡಿ ಮುಚ್ಚಿ ರಸ್ತೆ ದಾಟುತ್ತಿದ್ದರು. ಅವರ ಕಾಲು ಮುರಿಯಿತು, ಹನ್ನೊಂದು ದಿನ ಬದುಕುತ್ತಾರೋ ಇಲ್ಲವೋ ಎಂದು ಡಾಕ್ಟರೂ ಹೇಳಲಿಲ್ಲ. ಇಷ್ಟು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನಿನಗೆ ಗೊತ್ತಿಲ್ಲದ್ದು ಹನ್ನೆರಡನೇ ದಿನ. ಅವರಿಗೆ ಎಚ್ಚರವಾಯಿತು ಎಂದು ಕೇಳಿ ಅಮ್ಮ ಓಡಿದಳು, ನನ್ನ ಕೈ ಹಿಡಿದೆಳೆದುಕೊಂಡು. ವಾರ್ಡಿನಲ್ಲಿ ಎಲ್ಲರೂ ನೋಡುತ್ತಿರುವಂತೆ ಅವರ ಮಂಚದ ಪಕ್ಕ ಮೊಣಕಾಲೂರಿದಳು.  ಅವರು ದಿಂಬಿನ ಮೇಲೆ ತಲೆಯನ್ನು ಅವಳ ಕಡೆ ಹೊರಳಿಸಿದರು. ಆಮೇಲೆ, "ಎದ್ದೇಳಿ ತಾಯಿ. ಕ್ಷಮಿಸಿ ಆಯ್ತು, ಎಚ್ಚರ ಆದಾಗ್ಲೇ ಆಯ್ತು, ದೇವರ ಹತ್ರ ಹೇಳಿಬಿಟ್ಟಿದ್ದೀನಿ. ಆದ್ರೆ ಈ ಹೊದಿಕೆ ವಾಸನೆ ಮಾತ್ರ ತಡೆಯೋಕೆ ಆಗ್ತಿಲ್ಲ" ಎಂದರು. ಅಮ್ಮ ಅಳುತ್ತಾ ನಗುತ್ತಾ ಆ ಹೊದಿಕೆಯನ್ನು ಮನೆಗೆ ತಂದು ಕುದಿಸಿದಳು. ಅದನ್ನು ಒಣಗಿಸಿ ವಾಪಸು ಕೊಟ್ಟಾಗ ಪಕ್ಕದ ಮಂಚದವರು, ನಮ್ಮದು? ಎಂಬಂತೆ ನೋಡಿದರಂತೆ. ಮುಂದಿನ ವಾರ ಇಡೀ ವಾರ್ಡಿನ ಗಂಟು ನಮ್ಮ ವ್ಯಾನಿನಲ್ಲಿತ್ತು. ಆ ದಿನ ಗುರುವಾರ. ಕಥೆ ಇಷ್ಟೇ. ಇದರಲ್ಲಿ ನಿನ್ನ ಪಾಪ ಎಲ್ಲಿದೆ ತೋರಿಸು ನೋಡೋಣ. ನನಗೆ ಕಾಣುವುದು ಸಿಕ್ಕ ಕ್ಷಮೆ ಮತ್ತು ಒಂದು ಕೊಳಕು ಹೊದಿಕೆ.

ನಾನೇನು ಮೊದಲಿನಿಂದ ಸಂತಳಾಗಿರಲಿಲ್ಲ. ಮೊದಲ ಕೆಲವು ತಿಂಗಳು ಗುರುವಾರ ಬಂದರೆ ನನಗೆ ಹೊಟ್ಟೆನೋವು ಬರುತ್ತಿತ್ತು, ಶುಕ್ರವಾರ ಬೆಳಿಗ್ಗೆ ತಾನಾಗಿ ವಾಸಿಯಾಗುತ್ತಿತ್ತು. ಒಂದು ದಿನ ಅಮ್ಮ ಆ ಹೊಟ್ಟೆನೋವನ್ನು ನಂಬದೆ ಎಳೆದುಕೊಂಡು ಹೋದಳು. ಏಳನೇ ಮಂಚದ ಅಜ್ಜಿಗೆ ಇಸ್ತ್ರಿಯ ಬಿಸಿ ಆರದ ಹೊದಿಕೆ ಹೊದಿಸಿದೆ. ಆಕೆ ಅದನ್ನು ಮುಖದ ಮೇಲೆ ಎಳೆದುಕೊಂಡು ಅಲ್ಲಾಡದೆ ಮಲಗಿಬಿಟ್ಟರು. ಹೋಗೇಬಿಟ್ಟರು ಎಂದು ನಾನು ಹೌಹಾರಿ ಮುಸುಕು ಸರಿಸಿದರೆ, "ಸುಮ್ನಿರೇ ಹುಡುಗಿ, ಬಿಸಿ ಆರಿಹೋಗುತ್ತೆ!" ಎಂದು ಗದರಿದರು. ಅವತ್ತಿನಿಂದ ನನ್ನ ಹೊಟ್ಟೆನೋವು ನಿಂತಿದೆ. ಇದು ಅದ್ಭುತಕಾರ್ಯವೆಂದು ಸಭೆಯಲ್ಲಿ ಸಾಕ್ಷಿ ಹೇಳುತ್ತೇನೆ ಎಂದೆ, ಪಾಸ್ಟರ್ ಬೇಡ ಎಂದರು.

ಈಗ ಬೈಗುಳ. ಅಣ್ಣಾ, ನಿನಗೆ ಬಹಳ ಜಂಬ. ಹೌದು, ಜಂಬವೇ. ಅವರು ಕ್ಷಮಿಸಿದರು, ಅಷ್ಟನ್ನು ಅಮ್ಮ ಆಗಲೇ ನಿನಗೆ ಬರೆದಿದ್ದಳು; ದೇವರು ಕ್ಷಮಿಸಿದರು, ನೀನು ಮಾತ್ರ ಒಪ್ಪುವುದಿಲ್ಲ, ನಿನ್ನ ತಪ್ಪು ಅವರಿಬ್ಬರಿಗೂ ನಿಲುಕದಷ್ಟು ದೊಡ್ಡದೋ? ಶಿಕ್ಷೆ ಅನುಭವಿಸಿದೆ, ಸರಿ, ಅದು ಆಗಬೇಕಿತ್ತು, ಅದಕ್ಕೆ ನಾವು ಯಾರೂ ಎದುರಾಡಲಿಲ್ಲ. ಅದು ಮುಗಿದ ಮೇಲೆ ನಿನಗೆ ನೀನೇ ಇನ್ನೊಂದು ಜೈಲು ಕಟ್ಟಿಕೊಂಡು, ದೂರದ ಊರು ಎಂದು ಹೆಸರಿಟ್ಟು, ಅದಕ್ಕೆ ನೀನೇ ಅಧಿಕಾರಿಯಾಗಲು ಹೊರಟಿದ್ದೀಯ. (ಸಾರ್, ನಿಮ್ಮ ಕೆಲಸಕ್ಕೆ ಕುತ್ತು ಬರುತ್ತಿದೆ, ಗಮನಿಸಿ.) ಹೋಗುವುದಾದರೆ ಹೋಗು, ಗೇಟಿಗೆ ಬಂದವರನ್ನು ಮುಖಾಮುಖಿ ನೋಡಿ, ಬೇಡ ಎಂದು ಬಾಯಿಬಿಟ್ಟು ಹೇಳಿ ಹೋಗು. ನಾವಂತೂ ಬರುತ್ತೇವೆ. ಹದಿಮೂರನೇ ತಾರೀಖು ಗುರುವಾರ ಎಂಬ ತೊಡಕು ಅಮ್ಮನಿಗೆ ತೊಡಕೇ ಅಲ್ಲ. ಬೆಳಿಗ್ಗೆ ವಾರ್ಡಿನ ಮಡಿಸಿದ ಗಂಟುಗಳನ್ನು ಏರಿಸಿಕೊಂಡು ಮೊದಲು ನಿನ್ನ ಗೇಟು, ಅಲ್ಲಿಂದ ನೇರ ಆಸ್ಪತ್ರೆ. ಗಂಟು ಹೊರಲು ಜನ ಕಡಿಮೆ ಇದ್ದಾರೆ.

ನಿನ್ನ ಕೋಣೆ ತಯಾರಾಗಿದೆ. ಕಿಟಕಿಗೆ ಹೊಸ ಪರದೆ ಹಾಕಿದ್ದೇನೆ, ಮೋಡ ಕವಿದ ಆಕಾಶದ ಬಣ್ಣದವು, ಯಾವ ಮೇಜಿನ ಮೇಲಿಂದ ಬಂದವೆಂದು ನಿನಗೀಗ ಗೊತ್ತು. ಒಗೆಯುವ ಕೋಣೆಗೆ ಒಂದು ದೊಡ್ಡ ಗೋಡೆ ಗಡಿಯಾರವೂ ಬಂದಿದೆ, ಮೇಜುಬಟ್ಟೆಯ ಕಥೆ ಕೇಳಿ ನಗು ತಡೆಯಲಾರದ ಒಬ್ಬ ಹಿತೈಷಿಯ ಕಾಣಿಕೆ. ಅಮ್ಮ ಅದರ ದೂಳನ್ನು ದಿನವೂ ಒರೆಸುತ್ತಾಳೆ. ಹೊತ್ತು ಮಾತ್ರ ಹಾಡಿನಲ್ಲೇ ನೋಡುತ್ತಾಳೆ.

ಅಪ್ಪನ ಆಶೀರ್ವಾದ, ಅಮ್ಮನ ಮುತ್ತು, ಎರಡು ಬಿಸಿ ಹಂಡೆ ಮತ್ತು ಎರಡು ತಣ್ಣನೆ ಹಂಡೆಗಳ ನೆನಪು ನಿನಗೆ ಸಲ್ಲಲಿ. ನನ್ನಿಂದ ತಲೆಯ ಮೇಲೊಂದು ಮೊಟಕು, ಅದು ಪ್ರೀತಿಯದೇ. ಕಾಯುವ ದೇವರು ನಿನ್ನನ್ನು ಅಲ್ಲಿಯವರೆಗೂ ಕಾಯಲಿ.

ನಿನ್ನ ಮಾತು ಎಂದೂ ಕೇಳದ ತಂಗಿ,
ತರಲೆ

ಮರೆತೆ. ಅಮ್ಮ ಹಂಡೆ ಇಳಿಸು ಎಂದು ಕೂಗುತ್ತಿದ್ದಾಳೆ, ಬೇಗ ಬರೆಯುತ್ತೇನೆ. ದೊಡ್ಡ ಹೊದಿಕೆ ಮಡಿಸಲು ಎರಡು ತುದಿಗೆ ಇಬ್ಬರು ಬೇಕಲ್ಲ. ಒಂದು ತುದಿ ನನ್ನದು, ಇನ್ನೊಂದು ನಿನ್ನದಾಗಿತ್ತು. ನೀನು ಹೋದ ಮೇಲೆ ಆ ತುದಿಯನ್ನು ಯಾರು ಹಿಡಿಯುತ್ತಾರೆಂದು ನೀನು ಒಮ್ಮೆಯೂ ಕೇಳಲಿಲ್ಲ. ಗಡಿಯಾರದ ಮಾಮ. ಎರಡೂವರೆ ವರ್ಷದಿಂದ ಪ್ರತಿ ಗುರುವಾರ ಅಂಗಡಿ ಮುಚ್ಚಿ, ಕೋಲೂರಿಕೊಂಡು ಬಂದು, ಕೋಲನ್ನು ಗೋಡೆಗೆ ಒರಗಿಸಿ ನಿಲ್ಲುತ್ತಾರೆ. ಹದಿಮೂರಕ್ಕೆ ವ್ಯಾನಿನಲ್ಲಿ ಅವರೂ ಬರುತ್ತಾರೆ. ನಿನಗೆ ಇಷ್ಟು ಬರಿ ಎಂದರು: "ನನ್ನ ಕಾಲು ನೋಯ್ತಿದೆ ಕಣಪ್ಪ. ನಿನ್ನ ತುದಿ ನೀನೇ ಬಂದು ಹಿಡಿ."